ಆಳ್ವ ಸರ್ ಕಣ್ಣಿಗೆ ಕೂರಿಸಿದ ಸ್ಕೋಪು

ಕೆಲಸದ ಜೀವನವಿಡೀ ಬಂದೂಕುಗಳ ನಡುವೆ ಕಳೆದರೂ ನಾನು ಒಂದು ಕಾಗೆಯನ್ನೂ ಹೊಡೆದವನಲ್ಲ. ಹೀಗೆಂದರೆ ದೇರೆಬೈಲಿನ ನಮ್ಮ ನೆರೆಯವರು ನಂಬುವುದಿಲ್ಲ. ಪೊಲೀಸ್ ಇಲಾಖೆಯಲ್ಲಿದ್ದವ, ಅದೂ ಆಯುಧಗಳ ಕೋಣೆಯಲ್ಲಿದ್ದವ ಎಂದು ಗೊತ್ತಾದ ಕೂಡಲೇ ಎಷ್ಟು ಮಂದಿಯನ್ನು ಉರುಳಿಸಿದ್ದೀರಿ ಎಂದು ಕೇಳುತ್ತಾರೆ. ನಾನು ಆರ್ಮರರ್ ಆಗಿದ್ದೆ, ಅಂದರೆ ಬಂದೂಕಿನ ಮೆಕ್ಯಾನಿಕ್. ಬಸ್ಸಿನ ಮೆಕ್ಯಾನಿಕ್ ಬಸ್ಸು ಓಡಿಸಿಕೊಂಡು ಊರೂರು ತಿರುಗುತ್ತಾನೆಯೇ? ಅವನು ಬಸ್ಸಿನ ಅಡಿಯಲ್ಲಿ ಮಲಗಿರುತ್ತಾನೆ. ನಾನೂ ಹೆಚ್ಚು ಕಡಿಮೆ ಹಾಗೆಯೇ ಇದ್ದೆ.

ಈಗ ಈ ಕೆಲಸಕ್ಕೆ ಸೇರುವವರು ಐಟಿಐ ಮುಗಿಸಿ, ಅದಕ್ಕಿಂತ ಹೆಚ್ಚಾಗಿ ಸಿನಿಮಾ ನೋಡಿ ಬರುತ್ತಾರೆ. ಅವರಿಗೆ ಪ್ರಯೋಜನವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಯಾರು ತಪ್ಪಿಸಿದರು ಎಂಬುದೆಲ್ಲ ಬೇಡ. ಅದನ್ನು ಕೇಳಿ ಕೇಳಿ ನನ್ನ ಹೆಂಡತಿ ಆಲಿಸಳ ಕಿವಿ ತೂತಾಗಿದೆ. ಹೇಳಬೇಕಾದ್ದು ಒಂದು ಸ್ಕೋಪಿನ ಕಥೆ. ಸ್ಕೋಪು ಎಂದರೆ ರೈಫಲಿನ ಬೆನ್ನ ಮೇಲೆ ಕೂರಿಸುವ ದೂರದರ್ಶಕ. ನಮ್ಮ ಘಟಕದಲ್ಲಿ ಅಂಥದ್ದು ಇದ್ದದ್ದು ಒಂದೇ, ಅದು ಕೂತದ್ದೂ ಒಂದೇ ರೈಫಲಿನ ಮೇಲೆ.

ಮಂಗಳೂರಿನಲ್ಲಿ ಆರ್ಮರರನ ದಿನದ ಹೆಚ್ಚು ಪಾಲು ತುಕ್ಕಿನ ಜೊತೆ ಕಳೆಯುತ್ತದೆ. ಸಮುದ್ರದ ಉಪ್ಪು ಗಾಳಿ ಬಾಗಿಲು ಹಾಕಿದರೂ ಒಳಗೆ ಬರುತ್ತದೆ. ನಿನ್ನೆ ಎಣ್ಣೆ ಒರೆಸಿಟ್ಟ ಬೋಲ್ಟಿನ ಮೇಲೆ ಇವತ್ತು ಕೆಂಪು ಪುಡಿ ಕಾಣುತ್ತದೆ. ಸ್ಕೋಪು ಬಂದ ಮೇಲೆ ಗಾಜಿಗೆ ಬೂಷ್ಟು ಹಿಡಿಯುವ ಹೆದರಿಕೆಯೂ ಸೇರಿಕೊಂಡಿತು. ಮಳೆಗಾಲವಿಡೀ ಅದನ್ನಿಟ್ಟ ಕಪಾಟಿನೊಳಗೆ ಒಂದು ಬಲ್ಬು ಉರಿಸಿಡುತ್ತಿದ್ದೆ. ಮನೆಯಲ್ಲಿ ಮಗು ಹುಟ್ಟಿದಾಗಲೂ ನೀವು ಇಷ್ಟು ನೋಡಿಕೊಳ್ಳಲಿಲ್ಲ ಎಂದು ಆಲಿಸ್ ಹೇಳಿದ್ದುಂಟು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಸ್ಕೋಪಿನ ಒಳಗೆ ಕಣ್ಣಿಟ್ಟರೆ ಅಡ್ಡಕ್ಕೊಂದು, ಉದ್ದಕ್ಕೊಂದು ಗೆರೆ ಕಾಣುತ್ತದೆ, ಅವುಗಳ ಮೇಲೆ ಸಣ್ಣ ಸಣ್ಣ ಗುರುತುಗಳು. ಇದಕ್ಕೆ ರೆಟಿಕಲ್ ಎಂದು ಹೆಸರು, ನಮ್ಮವರು ಕ್ರಾಸ್ ಎನ್ನುತ್ತಿದ್ದರು. ಕೊಳವೆಯ ಮೇಲ್ಗಡೆ ಒಂದು, ಬಲಗಡೆ ಒಂದು ತಿರುಗಿಸುವ ಗುಂಡಿ ಇರುತ್ತದೆ. ಅದು ಟರೆಟ್. ಮೇಲಿನದು ಗುಂಡನ್ನು ಮೇಲೆ ಕೆಳಗೆ ಮಾಡಲಿಕ್ಕೆ, ಬಲಗಡೆಯದು ಎಡಕ್ಕೆ ಬಲಕ್ಕೆ ಸರಿಸಲಿಕ್ಕೆ. ತಿರುಗಿಸಿದರೆ ಟಕ್ ಟಕ್ ಎಂದು ಕೈಗೆ ಗೊತ್ತಾಗುತ್ತದೆ. ನಮ್ಮ ಸ್ಕೋಪಿನಲ್ಲಿ ಒಂದು ಕ್ಲಿಕ್ಕಿಗೆ ಗುಂಡು ನೂರು ಮೀಟರಿನಲ್ಲಿ ಒಂದು ಸೆಂಟಿಮೀಟರ್ ಸರಿಯುತ್ತಿತ್ತು, ಮುನ್ನೂರು ಮೀಟರಿನಲ್ಲಿ ಮೂರು. ಹೊಸಬರಿಗೆ ಇದೇ ತಲೆ ತಿನ್ನುವ ವಿಷಯ. ಕ್ಲಿಕ್ಕು ಒಂದೇ ಆದ ಮೇಲೆ ಅಳತೆ ಹೇಗೆ ಬದಲಾಗುತ್ತದೆ ಎಂದು ಕೇಳುತ್ತಾರೆ. ಬೀಸಣಿಗೆಯನ್ನು ಬಿಡಿಸಿ ನೋಡಿ. ಹಿಡಿಯ ಹತ್ತಿರ ಕಡ್ಡಿಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ, ತುದಿಯಲ್ಲಿ ಬೇರೆ ಬೇರೆಯಾಗಿರುತ್ತವೆ. ಕ್ಲಿಕ್ಕು ಅಳೆಯುವುದು ಕಡ್ಡಿಗಳ ನಡುವಿನ ಕೋನವನ್ನು. ಇಷ್ಟು ತಿಳಿದರೆ ಅರ್ಧ ವಿದ್ಯೆ ಬಂದ ಹಾಗೆ.

ಇದನ್ನು ನನಗೆ ಕಲಿಸಿದ್ದು ಇನ್‌ಸ್ಪೆಕ್ಟರ್ ಸಂಜೀವ ಆಳ್ವರು. ಶೂಟಿಂಗ್ ತಂಡಕ್ಕೆ ಅವರೇ ಕೋಚ್. ಮನೆತನದಲ್ಲಿ ಹೊಲ ಗದ್ದೆ ಇದ್ದವರು, ಅಣ್ಣಂದಿರು ಹೋಟೆಲು ನಡೆಸುತ್ತಿದ್ದರು. ಇವರಿಗೆ ಮಾತ್ರ ಹುಡುಗನಾಗಿದ್ದಾಗಿನಿಂದ ಗುರಿಯ ಹುಚ್ಚು. ಇಲಾಖೆಯ ಸ್ಪರ್ಧೆಗಳಲ್ಲಿ ಅವರು ಗೆದ್ದ ಕಪ್ಪುಗಳು ನಮ್ಮ ಕಚೇರಿಯ ಗಾಜಿನ ಕಪಾಟು ತುಂಬ ಇದ್ದವು. ಮಲಗಿ ಗುರಿ ಹಿಡಿದರೆಂದರೆ ಉಸಿರಾಡುತ್ತಾರೋ ಇಲ್ಲವೋ ಎಂದು ಅನುಮಾನವಾಗುತ್ತಿತ್ತು. ನಾವಿಬ್ಬರೂ ತುಳುವಿನಲ್ಲೇ ಮಾತಾಡುತ್ತಿದ್ದದ್ದು. ನನ್ನ ಮನೆಮಾತು ಕೊಂಕಣಿಯಾದರೂ ಬೈಗುಳ ತಿನ್ನಲಿಕ್ಕೆ ತುಳುವೇ ಹಿತವಾಗಿತ್ತು.

ಬೈಸಿಕೊಂಡದ್ದು ಒಂದೆರಡು ಸಲವಲ್ಲ. ಸ್ಕೋಪು ಬಂದ ಹೊಸತರಲ್ಲಿ ಒಮ್ಮೆ ಟರೆಟನ್ನು ಸೊನ್ನೆಗೆ ತಂದು ಕೊಟ್ಟೆ. ಆಳ್ವ ಸರ್ ಹೊಡೆದರು, ಗುಂಡು ಕಾಗದದಲ್ಲೇ ಇಲ್ಲ. ಎರಡನೆಯದೂ ಇಲ್ಲ. ಗುರಿಹಲಗೆಯ ಹಿಂದಿನ ಮಣ್ಣಿನ ದಿಬ್ಬದಲ್ಲಿ, ಬಹಳ ಮೇಲೆ ಧೂಳು ಹಾರುತ್ತಿತ್ತು. ಆದದ್ದು ಇಷ್ಟೇ: ನಾನು ಟರೆಟನ್ನು ಒಂದು ಪೂರ್ತಿ ಸುತ್ತು ಹೆಚ್ಚಿಗೆ ತಿರುಗಿಸಿದ್ದೆ. ಅಂಕಿ ಸೊನ್ನೆಯನ್ನೇ ತೋರಿಸುತ್ತಿತ್ತು, ಆದರೆ ಅದು ಮುಂದಿನ ಸುತ್ತಿನ ಸೊನ್ನೆ.

"ಪಿಂಟೊ, ಗಡಿಯಾರ ಹನ್ನೆರಡು ತೋರಿಸ್ತದೆ. ಹಗಲೋ ರಾತ್ರಿಯೋ ಅಂತ ಕಿಟಕಿಯಿಂದ ಹೊರಗೆ ನೋಡ್ಲಿಕ್ಕೆ ಬೇಡವಾ ಮಾರಾಯ?" ಎಂದರು ಆಳ್ವ ಸರ್.

ಟರೆಟಿನ ಬುಡದಲ್ಲಿ ಸುತ್ತುಗಳನ್ನು ತೋರಿಸುವ ಗೆರೆಗಳಿರುತ್ತವೆ. ಅಂಕಿಗಿಂತ ಮೊದಲು ಆ ಗೆರೆ ನೋಡಬೇಕು. ಅಂದಿನಿಂದ ನಿವೃತ್ತಿಯವರೆಗೆ ನಾನು ಅದನ್ನು ನೋಡದೆ ಸ್ಕೋಪು ಕೈದಾಟಿಸಿದ್ದಿಲ್ಲ. ಅಳತೆಯ ವಿಷಯವೂ ಹಾಗೆಯೇ. ಕೆಲವು ಸ್ಕೋಪುಗಳಲ್ಲಿ ಗೆರೆಯ ಗುರುತುಗಳು ಮಿಲ್ ಎಂಬ ಅಳತೆಯಲ್ಲಿ, ಟರೆಟ್ ಮಿನಿಟ್ ಎಂಬ ಇನ್ನೊಂದು ಅಳತೆಯಲ್ಲಿ ಇರುತ್ತದೆ. ಒಂದರಲ್ಲಿ ಓದಿ ಇನ್ನೊಂದರಲ್ಲಿ ತಿರುಗಿಸಿದರೆ ಗುಂಡು ಎಲ್ಲಿಗೆ ಹೋಗುತ್ತದೆಂದು ದೇವರಿಗೂ ಗೊತ್ತಾಗಲಿಕ್ಕಿಲ್ಲ. ಎರಡೂ ಒಂದೇ ಅಳತೆಯೋ ಎಂದು ಮೊದಲ ದಿನವೇ ನೋಡಿಕೊಳ್ಳಿ.

ಬೇರೆಯವರ ಎಡವಟ್ಟುಗಳೂ ಇದ್ದವು. ಒಬ್ಬ ಕಾನ್‌ಸ್ಟೇಬಲ್, ಒಳ್ಳೆಯ ಹುಡುಗನೇ, ಚಿತ್ರವನ್ನು ದೊಡ್ಡದು ಚಿಕ್ಕದು ಮಾಡುವ ಉಂಗುರವನ್ನು ಅರ್ಧಕ್ಕೆ ಇಳಿಸಿದ. ಆಮೇಲೆ ಕ್ರಾಸಿನ ಕೆಳಗಿನ ಗುರುತನ್ನು ಗುರಿಗೆ ಹಿಡಿದು ಹೊಡೆದ. ನಮ್ಮ ಸ್ಕೋಪಿನಲ್ಲಿ ಆ ಗುರುತುಗಳು ಸರಿಯಾದ ಲೆಕ್ಕ ಹೇಳುವುದು ಚಿತ್ರ ಪೂರ್ತಿ ದೊಡ್ಡದಿದ್ದಾಗ ಮಾತ್ರ. ಅರ್ಧಕ್ಕೆ ಇಳಿಸಿದರೆ ಪ್ರತಿ ಗುರುತಿನ ಬೆಲೆ ಎರಡರಷ್ಟಾಗುತ್ತದೆ. ಗುಂಡು ಹಲಗೆಯನ್ನು ದಾಟಿ ಹೋಯಿತು. ಇನ್ನೊಬ್ಬ, ಗುರಿ ಮಸುಕಾಗಿ ಕಂಡಿತೆಂದು ಕಣ್ಣಿಡುವ ತುದಿಯ ಉಂಗುರವನ್ನು ತಿರುಗಿಸಿದ. ಅವನ ನಂತರ ಬಂದವ ಮತ್ತೆ ತಿರುಗಿಸಿದ. ಮದುವೆ ಮನೆಯ ನಲ್ಲಿಯ ಹಾಗೆ ಬಂದವರೆಲ್ಲ ತಿರುಗಿಸಿ ಹೋಗುವುದಾಯಿತು.

ಆಳ್ವ ಸರ್‌ಗೆ ಅದನ್ನು ನೋಡಿ ರೇಗಿತು. ಆ ವರ್ಷದ ಆಯುಧ ಪೂಜೆಯ ದಿನ ಒಂದು ಪದ್ಧತಿ ಶುರು ಮಾಡಿದರು. ಆಯುಧ ಪೂಜೆ ನಮ್ಮ ಕೋಣೆಗೆ ವರ್ಷದ ದೊಡ್ಡ ಹಬ್ಬ. ಊರೆಲ್ಲ ಕುದ್ರೋಳಿಯ ದಸರಾ ನೋಡಲು ಹೊರಟಿರುವಾಗ ನಾವು ಎಲ್ಲ ಆಯುಧಗಳನ್ನೂ ಬಿಚ್ಚಿ, ಒರೆಸಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದೆವು. ನಾನು ಇಗರ್ಜಿಗೆ ಹೋಗುವವನಾದರೂ ಆ ಸಾಲು ಜೋಡಿಸುವುದು ನನ್ನದೇ ಹಕ್ಕಾಗಿತ್ತು, ಬೇರೆಯವರು ಜೋಡಿಸಿದರೆ ನನಗೆ ಸಮಾಧಾನವಿರಲಿಲ್ಲ. ಆ ದಿನ ಆಳ್ವ ಸರ್ ರೈಫಲಿನ ಹಿಂದೆ ಮಲಗಿ, ಸ್ಕೋಪಿನ ಕಣ್ಣಿನ ಉಂಗುರವನ್ನು ತಮ್ಮ ಕೈಯಾರೆ ಸರಿಮಾಡಿದರು. ಹೆಂಡತಿಯ ಕೆಂಪು ನೇಲ್ ಪಾಲಿಶ್ ಬಾಟಲಿಯನ್ನು ಜೇಬಿನಿಂದ ತೆಗೆದು, ಉಂಗುರದ ಮೇಲಿನ ಗೀರಿನ ನೇರಕ್ಕೆ, ಉಂಗುರಕ್ಕೂ ಕೊಳವೆಗೂ ಸೇರಿಸಿ ಒಂದು ಬೊಟ್ಟು ಇಟ್ಟರು. ಅದು ಒಣಗಿದ ಮೇಲೆ ಭಟ್ಟರು ಕುಂಕುಮ ಹಚ್ಚಿ ಆರತಿ ಎತ್ತಿದರು.

ಸ್ಕ್ರೂ ಸಡಿಲವಾಗಿದೆಯೋ ಎಂದು ತಿಳಿಯಲಿಕ್ಕೆ ಬಣ್ಣದ ಬೊಟ್ಟು ಇಡುವುದು ನಮ್ಮ ಕೆಲಸದಲ್ಲಿ ಎಲ್ಲ ಕಡೆಯೂ ಉಂಟು. ಆದರೆ ಈ ಬೊಟ್ಟಿನ ತೂಕವೇ ಬೇರೆಯಾಯಿತು. ಮೇಲಧಿಕಾರಿ ಇಟ್ಟದ್ದು, ಮೇಲಿಂದ ಪೂಜೆ ಆದದ್ದು. ಒಡೆದರೆ ಶಿಸ್ತಿನ ತಪ್ಪು, ಮನಸ್ಸಿನಲ್ಲಿ ಅಪಶಕುನದ ಅಂಜಿಕೆ. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಪ್ರತಿ ವರ್ಷ ಆಯುಧ ಪೂಜೆಗೆ ಆಳ್ವ ಸರ್ ಹಳೆಯ ಬೊಟ್ಟು ಕೆರೆದು, ಕಣ್ಣಿಟ್ಟು ನೋಡಿ, ಹೊಸ ಬೊಟ್ಟು ಇಡುವುದು ಕಟ್ಟಳೆಯಾಗಿಬಿಟ್ಟಿತು. ತಂಡ ಕಪ್ಪು ಗೆಲ್ಲುತ್ತಲೇ ಇತ್ತು, ಆದ್ದರಿಂದ ಯಾರೂ ಪ್ರಶ್ನಿಸಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಆಳ್ವ ಸರ್ ಸ್ಪರ್ಧೆಗೆ ಇಳಿಯುವುದನ್ನು ಬಿಟ್ಟರು. ಎಳೆಯರಿಗೆ ಜಾಗ ಬಿಡುತ್ತೇನೆ ಎಂದರು. ಎಂಥ ದೊಡ್ಡ ಮನಸ್ಸು ಎಂದು ನಾವೆಲ್ಲ ಹೇಳಿಕೊಂಡೆವು. ಅಲ್ಲಿಂದ ಮುಂದೆ ಅವರು ಗುಂಡು ಹಾರಿಸುವವರ ಪಕ್ಕ ಕುರ್ಚಿ ಹಾಕಿ ಕೂತು, ಮುಕ್ಕಾಲಿಯ ಮೇಲಿನ ದೊಡ್ಡ ದೂರದರ್ಶಕವನ್ನು ತಮ್ಮ ಕಣ್ಣಿಗೆ ಹೊಂದಿಸಿಕೊಂಡು ಗುಂಡು ಬಿದ್ದ ಜಾಗ ನೋಡುವುದು, ತಿದ್ದುವುದು, ಬೈಯುವುದು ಮಾಡುತ್ತಿದ್ದರು.

ಆ ಹೊತ್ತಿಗೆ ಶ್ವೇತಾ ಬಂದಳು. ಕುದ್ರೋಳಿಯವಳು, ಅಪ್ಪನದು ಹಳೇ ಬಂದರಿನ ಹತ್ತಿರ ಹಗ್ಗ, ಬಲೆ, ಟಾರ್ಪಾಲು ಮಾರುವ ಸಣ್ಣ ಅಂಗಡಿ. ಕಾನ್‌ಸ್ಟೇಬಲ್ ಆಗಿ ಸೇರಿ ಟ್ರಾಫಿಕ್ಕಿನಲ್ಲಿ ನಿಂತಿದ್ದವಳು. ಎಲ್ಲರಿಗೂ ಮಾಡಿಸುವ ವಾರ್ಷಿಕ ಫೈರಿಂಗ್‌ನಲ್ಲಿ ಅವಳ ಗುಂಡುಗಳು ಒಂದರ ಬೆನ್ನಿಗೆ ಒಂದು ಬಿದ್ದದ್ದನ್ನು ನೋಡಿ ಆಳ್ವ ಸರ್ ಅವಳನ್ನು ತಂಡಕ್ಕೆ ಎಳೆದುಕೊಂಡರು. ಮಾತು ಕಡಿಮೆ. ರೈಫಲನ್ನು ನನ್ನ ಕೈಯಿಂದ ತೆಗೆದುಕೊಳ್ಳುವಾಗಲೂ ವಾಪಸು ಕೊಡುವಾಗಲೂ ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು. ನನಗೆ ಅವಳು ಮೆಚ್ಚಿಗೆಯಾಗಲು ಅಷ್ಟು ಸಾಕಾಗಿತ್ತು.

ತಂಡದಲ್ಲಿ ಸ್ಕೋಪಿನ ರೈಫಲಿಗೆ ಒಬ್ಬರಿಗೇ ಜಾಗ. ಅದಕ್ಕೆ ಚಳಿಗಾಲದಲ್ಲಿ ಒಂದು ಆಯ್ಕೆ ಇತ್ತು. ಗೆದ್ದರೆ ಅವಳು ಆ ರೈಫಲಿನ ಕಾಯಂ ಗುರಿಕಾರಳು, ಹೊರಗಿನ ಸ್ಪರ್ಧೆಗಳಿಗೆ ಹೋಗುವವಳು. ಸೋತರೆ ಮತ್ತೆ ಕಂಕನಾಡಿಯ ಸಿಗ್ನಲಿನಲ್ಲಿ ಬಿಸಿಲಿಗೆ ನಿಂತು ಸೀಟಿ ಊದಬೇಕು. ಅದೂ ಗೌರವದ ಕೆಲಸವೇ, ಇಲ್ಲವೆನ್ನುವುದಿಲ್ಲ. ಆದರೆ ತನ್ನಿಂದ ಎಂತ ಸಾಧ್ಯ ಎಂದು ಒಮ್ಮೆ ಕಂಡುಕೊಂಡವಳಿಗೆ ವಾಪಸು ಹೋಗುವುದು ಸುಲಭವಲ್ಲ.

ಸಾದಾ ರೈಫಲಿನಲ್ಲಿ ಅಷ್ಟು ಚೆನ್ನಾಗಿ ಹೊಡೆಯುತ್ತಿದ್ದವಳು ಸ್ಕೋಪು ಕೊಟ್ಟ ಮೇಲೆ ಕೆಟ್ಟಳು. ಮೊದಲ ಮೂರು ನಾಲ್ಕು ಗುಂಡು ನಡುವಿಗೇ ಬೀಳುತ್ತಿದ್ದವು. ಆಮೇಲೆ ಚೆದುರುತ್ತಿದ್ದವು. ಕೊನೆಕೊನೆಗೆ ಗುರಿಯ ಕಾಗದ ನೋಡಿದರೆ ಯಾರೋ ಹಿಡಿ ಕಡಲೆ ಎಸೆದ ಹಾಗೆ ಕಾಣುತ್ತಿತ್ತು. ಉಸಿರು ಸರಿಯಿಲ್ಲ, ಮನಸ್ಸು ಸರಿಯಿಲ್ಲ, ಪೇಟೆ ಹುಡುಗಿಯರಿಗೆ ತಾಳ್ಮೆ ಇಲ್ಲ ಎಂದು ಆಳ್ವ ಸರ್ ಬೈದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಬೆಳಗ್ಗೆ ಒಂದು ಗಂಟೆ ಮೊದಲೇ ಬಂದು ಖಾಲಿ ರೈಫಲ್ ಹಿಡಿದು ಅಭ್ಯಾಸ ಮಾಡಿದಳು. ಮಾಡಿದಷ್ಟೂ ಹೆಚ್ಚು ಕೆಟ್ಟಿತು.

ಆಯ್ಕೆಗೆ ವಾರವಷ್ಟೇ ಉಳಿದಿದ್ದಾಗ, ಒಂದು ಮಧ್ಯಾಹ್ನ ರೈಫಲ್ ಒಪ್ಪಿಸಲು ಬಂದವಳು ಹೊರಡಲೇ ಇಲ್ಲ. ನಾನು ಎಣ್ಣೆ ಬಟ್ಟೆ ಹಿಡಿದು ಕೂತಿದ್ದೆ. ಎಂತ ಆಯಿತು ಎಂದು ಕೇಳಿದೆ.

"ಪಿಂಟೊ ಸರ್, ನನ್ನ ಕಣ್ಣು ಹೋಗ್ತಾ ಉಂಟು ಅಂತ ಕಾಣ್ತದೆ. ಯಾರಿಗೂ ಹೇಳ್ಬೇಡಿ."

ಸ್ವಲ್ಪ ಹೊತ್ತು ನೋಡಿದರೆ ಕ್ರಾಸಿನ ಗೆರೆ ಕರಗಿದಂತಾಗುತ್ತದೆ, ಹಣೆಯ ನಡುವೆ ನೋವು ಬರುತ್ತದೆ ಎಂದಳು. ಅವಳು ಯಾರಿಗೂ ಹೇಳದೆ ಕಂಕನಾಡಿಯ ಒಂದು ಆಸ್ಪತ್ರೆಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದಿದ್ದಳು. ಡಾಕ್ಟರು ಕಣ್ಣಿಗೆ ಎಂತದೂ ಆಗಿಲ್ಲ, ಕನ್ನಡಕವೂ ಬೇಡ ಎಂದಿದ್ದರಂತೆ. ಅದನ್ನು ಕೇಳಿ ಅವಳ ಹೆದರಿಕೆ ಹೆಚ್ಚಾಗಿತ್ತು. ಕಣ್ಣು ಸರಿಯಿದ್ದರೆ ಕೆಟ್ಟಿರುವುದು ನನ್ನ ತಲೆಯೇ ಇರಬೇಕು ಎಂದಳು. ಸ್ಕೋಪಿನ ಮೇಲೆ ಅವಳಿಗೆ ಅನುಮಾನವೇ ಬಂದಿರಲಿಲ್ಲ. ಅದು ಆಳ್ವ ಸರ್ ಕೂರಿಸಿದ ಸ್ಕೋಪಲ್ಲವೇ?

ನನಗೂ ಕೂಡಲೇ ಹೊಳೆಯಲಿಲ್ಲ. ಮೊದಲು ಎಲ್ಲ ಆರ್ಮರರುಗಳೂ ಮಾಡುವುದನ್ನೇ ಮಾಡಿದೆ. ರೈಫಲನ್ನು ಮರದ ಸ್ಟ್ಯಾಂಡಿನಲ್ಲಿ ಬಿಗಿದು, ಟರೆಟನ್ನು ಮೇಲಕ್ಕೆ ಇಷ್ಟು ಕ್ಲಿಕ್, ಬಲಕ್ಕೆ ಅಷ್ಟೇ, ಕೆಳಕ್ಕೆ ಅಷ್ಟೇ, ಎಡಕ್ಕೆ ಅಷ್ಟೇ ತಿರುಗಿಸುತ್ತಾ ಹೋದೆ. ಕ್ರಾಸು ಒಂದು ಚೌಕವನ್ನು ಸುತ್ತಿ, ಹೊರಟ ಜಾಗಕ್ಕೆ ಕೂದಲೆಳೆಯೂ ತಪ್ಪದೆ ವಾಪಸು ಬಂತು. ಟರೆಟಿನಲ್ಲಿ ದೋಷವಿಲ್ಲ. ಸ್ಕೋಪು ಕೂರುವ ಬಳೆಗಳು ಬಿಗಿಯಾಗಿವೆ. ಅದಲ್ಲದೆ ಟರೆಟ್ ಕೆಟ್ಟಿದ್ದರೆ ಗುಂಡುಗಳೆಲ್ಲ ಒಟ್ಟಾಗಿ ಒಂದು ಕಡೆಗೆ ಹೋಗಬೇಕು. ಹುಡುಗಿ ಹೆದರಿ ಕುದುರೆಯನ್ನು ಜಗ್ಗಿದ್ದರೆ, ಅಂದರೆ ಬೆರಳಿನಿಂದ ಎಳೆಯುವ ಟ್ರಿಗರನ್ನು, ಮೊದಲ ಗುಂಡಿನಿಂದಲೇ ಜಗ್ಗಬೇಕು. ಇಲ್ಲಿ ಮೊದಲು ಚೆನ್ನಾಗಿದ್ದದ್ದು ನಂತರ ನಾಲ್ಕೂ ಕಡೆಗೆ ಚೆದುರುತ್ತಿತ್ತು. ಎಂತದೋ ದಣಿಯುತ್ತಿದೆ ಎಂದುಕೊಂಡೆ. ಕಬ್ಬಿಣ ದಣಿಯುವುದಿಲ್ಲ, ದಣಿದರೆ ಕಣ್ಣೇ ದಣಿಯಬೇಕು.

ಕಿಟಕಿಯ ಬೆಳಕಿಗೆ ಸ್ಕೋಪಿನ ಹಿಂಬದಿಯನ್ನು ಹಿಡಿದು ನೋಡುತ್ತಿದ್ದಾಗ ಆ ಚುಕ್ಕೆಗಳು ಕಣ್ಣಿಗೆ ಬಿದ್ದವು. ಹಳೆಯ ಬೊಟ್ಟನ್ನು ಎಷ್ಟು ಕೆರೆದರೂ ಒಂದು ಕಲೆ ಉಳಿಯುತ್ತದೆ. ಕೊಳವೆಯ ಸುತ್ತ, ಒಂದರ ಪಕ್ಕ ಒಂದರಂತೆ, ವರ್ಷ ವರ್ಷದ ಮಾಸಿದ ಕೆಂಪು ಕಲೆಗಳು ಇದ್ದವು. ಮೊದಲಿನವು ಒತ್ತೊತ್ತಾಗಿದ್ದವು. ಇತ್ತೀಚಿನವು ಒಂದಕ್ಕಿಂತ ಒಂದು ದೂರವಾಗುತ್ತಾ, ಎಲ್ಲವೂ ಒಂದೇ ದಿಕ್ಕಿಗೆ ಸರಿದಿದ್ದವು. ಈ ವರ್ಷದ ಬೊಟ್ಟಿನ ಹತ್ತಿರ ಉಂಗುರ ಹೆಚ್ಚು ಕಡಿಮೆ ಕೊನೆ ಮುಟ್ಟಿತ್ತು.

ಆ ಉಂಗುರ ಯಾತಕ್ಕೆ ಎಂದು ಈಗ ಹೇಳಬೇಕು. ಅದು ನೋಡುವವನ ಕಣ್ಣಿಗೆ ಕ್ರಾಸಿನ ಗೆರೆಯನ್ನು ಚೂಪು ಮಾಡಲಿಕ್ಕೆ ಇರುವಂಥದ್ದು. ಗುರಿಗೂ ದೂರಕ್ಕೂ ಅದಕ್ಕೂ ಸಂಬಂಧವಿಲ್ಲ, ತಿರುಗಿಸಿದರೆ ಗುಂಡಿನ ದಾರಿ ಬದಲಾಗುವುದಿಲ್ಲ. ಕನ್ನಡಕ ಇದ್ದ ಹಾಗೆ ಅದು ಅವರವರದ್ದು. ಬೇರೊಬ್ಬರ ಕಣ್ಣಿಗೆ ಇಟ್ಟದ್ದನ್ನು ಎಳೆಯ ಕಣ್ಣು ಸ್ವಲ್ಪ ಹೊತ್ತು ಒದ್ದಾಡಿ ಹೊಂದಿಸಿಕೊಳ್ಳುತ್ತದೆ, ನಂತರ ಸೋಲುತ್ತದೆ. ಆಗ ಕ್ರಾಸು ಗುರಿಯ ಮೇಲೆ ತೇಲಾಡುತ್ತದೆ, ತಲೆ ಕೂದಲೆಳೆಯಷ್ಟು ಸರಿದರೂ ಗುಂಡು ಬೇರೆ ಕಡೆ ಹೋಗುತ್ತದೆ. ಎಲ್ಲರೂ ಒಬ್ಬರ ಕಣ್ಣಿನಿಂದ ನೋಡುತ್ತಿದ್ದೆವು. ಆ ಒಬ್ಬರ ಕಣ್ಣು ಚೆನ್ನಾಗಿದ್ದಷ್ಟು ಕಾಲ ಅದು ಯಾರಿಗೂ ಗೊತ್ತಾಗಲಿಲ್ಲ. ಈಗ ಆ ಕಣ್ಣಿಗೆ ಪೊರೆ ಬರುತ್ತಿತ್ತು. ಆಲಿಸಳ ತಾಯಿಗೆ ಪೊರೆ ಬರುವ ಮೊದಲು ಕನ್ನಡಕದ ನಂಬರು ಹೀಗೆಯೇ ವರ್ಷ ವರ್ಷ ಓಡಿದ್ದನ್ನು ನಾನು ಕಂಡಿದ್ದೆ.

ಆಳ್ವ ಸರ್ ಸ್ಪರ್ಧೆ ಬಿಟ್ಟದ್ದು ಯಾತಕ್ಕೆಂದು ಅರ್ಥವಾಗಿತ್ತು. ಅರ್ಥವಾದದ್ದಕ್ಕೆ ಸಂಕಟವಾಯಿತು. ಗುರಿಕಾರನಿಗೆ ಕಣ್ಣು ಎಂದರೆ ಹಾಡುಗಾರನಿಗೆ ಗಂಟಲು. ಅವರು ಅದನ್ನು ಮುಚ್ಚಿಟ್ಟುಕೊಂಡು, ದೊಡ್ಡ ಮನಸ್ಸಿನವರೆನಿಸಿಕೊಂಡು, ನಮ್ಮ ನಡುವೆಯೇ ಓಡಾಡುತ್ತಿದ್ದರು. ಅದನ್ನು ಬಯಲು ಮಾಡಲು ನನಗೆ ಯಾವ ಅಧಿಕಾರ? ಆದರೆ ಬಾಯಿ ಮುಚ್ಚಿ ಕೂತರೆ ಆ ಹುಡುಗಿ ತನ್ನ ತಲೆಯೇ ಕೆಟ್ಟಿದೆ ಎಂದು ನಂಬಿಕೊಂಡು ಮನೆಗೆ ಹೋಗುತ್ತಾಳೆ. ಬೊಟ್ಟು ಒಡೆದು ಗುಟ್ಟಾಗಿ ತಿರುಗಿಸಿ ಮತ್ತೆ ಹಚ್ಚಿಬಿಡಲೇ ಎಂದೂ ಯೋಚಿಸಿದೆ. ಆಯುಧದ ವಿಷಯದಲ್ಲಿ ಮೇಲಿನವರಿಗೆ ತಿಳಿಸದೆ ಕೈಚಳಕ ಮಾಡುವವನು ಆರ್ಮರರ್ ಅಲ್ಲ. ಹೊಸಬರಿಗೆ ಈ ಮಾತನ್ನು ಒತ್ತಿ ಹೇಳುತ್ತೇನೆ.

ಮರುದಿನ ಆಳ್ವ ಸರ್ ಕೋಣೆಯಲ್ಲಿ ಒಬ್ಬರೇ ಇದ್ದಾಗ ಹೋದೆ. ಸ್ಕೋಪನ್ನು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋಗಿದ್ದೆ. ಶ್ವೇತಾಳ ಗುಂಡುಗಳು ಚೆದುರುವುದಕ್ಕೆ ಅವಳ ಉಸಿರಾಗಲಿ ಮನಸ್ಸಾಗಲಿ ಕಾರಣವಲ್ಲ, ಈ ಉಂಗುರ ಅವಳ ಕಣ್ಣಿಗಿಲ್ಲ, ಬೊಟ್ಟು ತೆಗೆಯಲು ಅಪ್ಪಣೆ ಬೇಕು ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತೇನೋ. ಅವರು, ಇಷ್ಟು ವರ್ಷ ಎಲ್ಲರೂ ಹೊಡೆದರಲ್ಲ, ಅವರಿಗೆಲ್ಲ ಹೇಗೆ ಕಂಡಿತು ಎಂದು ಕೇಳಿದರು. ನಾನು ಸ್ಕೋಪನ್ನು ಮೇಜಿನ ಮೇಲಿಟ್ಟು, ಕಲೆಗಳ ಸಾಲನ್ನು ಬೆರಳಿನಿಂದ ತೋರಿಸಿದೆ.

ಅವರು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಮುಖ ಕಪ್ಪಿಟ್ಟಿತು.

"ನನ್ನ ಕಣ್ಣು ಪರೀಕ್ಷೆ ಮಾಡ್ಲಿಕ್ಕೆ ನಿನಗೆ ಸರ್ಕಾರ ಸಂಬಳ ಕೊಡುವುದಾ ಪಿಂಟೊ?"

"ಅಲ್ಲ ಸರ್, ಸ್ಕೋಪು ನೋಡ್ಲಿಕ್ಕೆ. ಸ್ಕೋಪಿನಲ್ಲಿ ಕಂಡದ್ದನ್ನು ಹೇಳಿದೆ."

ಅವರು ಬಾಗಿಲ ಕಡೆ ಕೈ ತೋರಿಸಿದರು. ಪೂಜೆಯಾದದ್ದನ್ನು ಮುಟ್ಟಿದರೆ ನಿನ್ನ ಕೈಗೆ ಬೇಡಿ ಹಾಕಿಸುತ್ತೇನೆ ಎಂದು ಹಿಂದಿನಿಂದ ಹೇಳಿದ್ದು ಕೇಳಿಸಿತು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ತುಳುವಿನಲ್ಲಲ್ಲದೆ ಕನ್ನಡದಲ್ಲಿ ಬೈದದ್ದು ಅದೇ ಮೊದಲು. ಅದರಿಂದ ನನಗೆ ಬೈಗುಳಕ್ಕಿಂತ ಹೆಚ್ಚು ನೋವಾಯಿತು. ಆ ವಾರವಿಡೀ ಅವರು ನನ್ನ ಜೊತೆ ಮಾತಾಡಲಿಲ್ಲ. ಶ್ವೇತಾಳಿಗೆ ನಾನು ಒಂದೇ ಮಾತು ಹೇಳಿದೆ, ನಿನ್ನ ಕಣ್ಣೂ ಸರಿ, ತಲೆಯೂ ಸರಿ ಎಂದು. ಅವಳು ನಂಬಿದಳೋ, ಸಮಾಧಾನಕ್ಕೆ ಹೇಳಿದ್ದೆಂದುಕೊಂಡಳೋ ತಿಳಿಯಲಿಲ್ಲ. ಉಂಗುರದ ವಿಷಯ ಹೇಳಿದರೆ ಆಳ್ವ ಸರ್ ವಿಷಯವೂ ಹೇಳಬೇಕಾಗುತ್ತಿತ್ತು, ಆದ್ದರಿಂದ ಹೇಳಲಿಲ್ಲ.

ಆಯ್ಕೆಯ ದಿನ ಬೆಳಗ್ಗೆ ಬೇಗ ಗುಂಡು ಹಾರಿಸುವ ರೇಂಜಿಗೆ ಹೋದೆವು. ಊರ ಹೊರಗೆ, ಮನೆ ಕಟ್ಟುವ ಕೆಂಪು ಮುರಕಲ್ಲು ತೆಗೆದು ಬಿಟ್ಟ ಗುಡ್ಡದ ಮಡಿಲಲ್ಲಿ ನಮ್ಮ ರೇಂಜು. ಹೊತ್ತೇರಿದರೆ ಕಡಲ ಗಾಳಿ ಶುರುವಾಗಿ ಬಲಗಡೆಯ ಟರೆಟಿಗೂ ಕೆಲಸ ಕೊಡುತ್ತದೆ, ಅದಕ್ಕೇ ಬೇಗ. ಮೇಲಧಿಕಾರಿಗಳು ಶಾಮಿಯಾನದಡಿ ಕೂತಿದ್ದರು. ಇನ್ನಿಬ್ಬರು ಸ್ಪರ್ಧಿಗಳು ಹೊಡೆದು ಮುಗಿಸಿದರು, ತೀರಾ ಹೇಳಿಕೊಳ್ಳುವಂಥದ್ದಲ್ಲ. ಅವರ ಗುಂಡುಗಳೂ ಕೊನೆಗೆ ಚೆದುರಿದ್ದವು. ಅವರು ಹಳಬರು, ಅಷ್ಟೇ ಹೊಡೆಯುವುದು ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಶ್ವೇತಾಳ ಸರದಿ ಬಂತು. ಅವಳು ಮಲಗಿದಳು. ನಾನು ಟರೆಟಿನ ಬುಡದ ಗೆರೆ ನೋಡಿ, ಅಂಕಿ ನೋಡಿ, ಮುನ್ನೂರು ಮೀಟರಿನ ಕ್ಲಿಕ್ಕು ಕೂರಿಸಿ ಹಿಂದೆ ಸರಿದೆ. ಆಳ್ವ ಸರ್ ಎಂದಿನಂತೆ ದೊಡ್ಡ ದೂರದರ್ಶಕದ ಹಿಂದೆ ಕುರ್ಚಿಯಲ್ಲಿದ್ದರು. ಶುರು ಮಾಡು ಎಂಬ ಅಪ್ಪಣೆಗೆ ಕಾಯುತ್ತಿದ್ದೆವು.

ಅಪ್ಪಣೆ ಬರಲಿಲ್ಲ. ಆಳ್ವ ಸರ್ ಎದ್ದರು. ನಿಧಾನವಾಗಿ ನಡೆದುಬಂದು, ಇಸ್ತ್ರಿ ಹಾಕಿದ ಖಾಕಿಯಲ್ಲೇ ಅವಳ ಪಕ್ಕ ಕೆಂಪು ಮಣ್ಣಿನ ಮೇಲೆ ಮೊಣಕಾಲೂರಿದರು. ಹೆಬ್ಬೆರಳಿನ ಉಗುರಿನಿಂದ ಬೊಟ್ಟನ್ನು ಕೆರೆದು ತೆಗೆದರು. ಪಕ್ಕದಲ್ಲಿದ್ದ ಹಳೆಯ ಹವಾಲ್ದಾರರೊಬ್ಬರು ಕೈ ಎತ್ತಿ ಮುಗಿದದ್ದನ್ನು ನೋಡಿದೆ, ದೇವರಿಗೋ ಯಾರಿಗೋ.

ರೈಫಲನ್ನು ಆಕಾಶದ ಕಡೆ ಎತ್ತು, ಗುರಿ ನೋಡಬೇಡ, ಬರಿಯ ಆಕಾಶ ನೋಡು ಎಂದು ಆಳ್ವ ಸರ್ ಅವಳಿಗೆ ಹೇಳಿದರು. ಕಣ್ಣು ಮುಚ್ಚಿ ತೆರೆದು ಒಮ್ಮೆ ನೋಡಬೇಕು, ತೆರೆದ ಕೂಡಲೇ ಗೆರೆ ಚೂಪಾಗಿ ಕಾಣಬೇಕು, ದಿಟ್ಟಿಸಿ ನೋಡಿ ಹೊಂದಿಸಿಕೊಳ್ಳಬಾರದು. ಅವಳು ನೋಡುತ್ತಾ ಹೋದಳು, ಅವರು ಉಂಗುರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಬಂದರು. ಉಂಗುರ ಎಷ್ಟೋ ವರ್ಷ ಹಿಂದಿನ ಕಲೆಗಳನ್ನು ಒಂದೊಂದಾಗಿ ದಾಟಿ ಬಂತು. ಒಂದು ಕಡೆ ಅವಳು "ಸಾಕು ಸರ್" ಎಂದಳು. ದನಿಯೇ ಬೇರೆಯಾಗಿತ್ತು.

ಆಮೇಲೆ ಅವರು ಅವಳನ್ನು ಎಬ್ಬಿಸಿ, ತಾವು ಆ ಜಾಗದಲ್ಲಿ ಮಲಗಿದರು. ಅವರು ರೈಫಲಿನ ಹಿಂದೆ ಎಲ್ಲರೆದುರು ಮಲಗಿ ಎಷ್ಟೋ ವರ್ಷವಾಗಿತ್ತು. ಗುರಿಯ ಕಡೆ ಕಣ್ಣಿಟ್ಟು ನೋಡಿದರು. ತುಂಬ ಹೊತ್ತು ನೋಡಿದರು. ಮೊದಲಿನ ಹಾಗೆಯೇ, ಉಸಿರಾಡುತ್ತಾರೋ ಇಲ್ಲವೋ ಎಂಬಂತೆ ಇದ್ದರು.

"ನನಗೆ ಎಂತದೂ ಕಾಣುವುದಿಲ್ಲ," ಎಂದರು. ಮೆಲ್ಲಗೆ ಹೇಳಲಿಲ್ಲ, ಶಾಮಿಯಾನಕ್ಕೂ ಕೇಳುವಂತೆ ಹೇಳಿದರು. "ನಿನಗೆ?"

"ಚೆನ್ನಾಗಿ ಕಾಣ್ತದೆ ಸರ್."

"ಹಾಗಾದ್ರೆ ಬಾ. ಇದು ನಿನ್ನದು."

ಅವರು ಏಳಲು ನಾನು ಕೈ ಕೊಟ್ಟೆ. ಅವರು ಅದನ್ನು ಹಿಡಿದುಕೊಂಡು ಎದ್ದರು. ಅಂಗಿಗೆ ಮೆತ್ತಿದ ಕೆಂಪು ಮಣ್ಣು ಕೊಡವಿಕೊಳ್ಳದೆ ಕುರ್ಚಿಯ ಹತ್ತಿರ ಹೋದರು, ಆದರೆ ಕೂರಲಿಲ್ಲ. ಕುರ್ಚಿಯನ್ನು ನನ್ನ ಕಡೆ ದೂಡಿ ತಾವು ಪಕ್ಕದಲ್ಲಿ ನಿಂತರು. ನಾನು ಕೂತು ದೊಡ್ಡ ದೂರದರ್ಶಕವನ್ನು ನನ್ನ ಕಣ್ಣಿಗೆ ಹೊಂದಿಸಿಕೊಂಡು ನೋಡಿದೆ. ಅವಳು ಮಲಗಿದಳು. ಮೊದಲ ಗುಂಡು ಹಾರಿತು.

"ಎಲ್ಲಿ ಬಿತ್ತು, ಪಿಂಟೊ?" ಎಂದು ಆಳ್ವ ಸರ್ ತುಳುವಿನಲ್ಲಿ ಕೇಳಿದರು.

ಗುಂಡು ಎಲ್ಲಿ ಬಿತ್ತೆಂದು ಅವರು ಇನ್ನೊಬ್ಬರನ್ನು ಕೇಳಿದ್ದನ್ನು ಅಲ್ಲಿದ್ದವರಾರೂ ಅದಕ್ಕೆ ಮೊದಲು ಕೇಳಿರಲಿಲ್ಲ. ನನ್ನ ಕಣ್ಣು ತುಂಬಿ ಬಂದು ಗುರಿ ಕಲಸಿಹೋಯಿತು. ಒರೆಸಿಕೊಂಡು ಮತ್ತೆ ನೋಡಿ, ನಡುವಿಗೆ ಸರ್ ಎಂದೆ. ಕೊನೆಯ ಗುಂಡಿನವರೆಗೂ ಅವರು ಕೇಳುತ್ತಾ ಹೋದರು, ನಾನು ಅದೇ ಉತ್ತರ ಕೊಡುತ್ತಾ ಹೋದೆ.